ಗೋಮುಖವ್ಯಾಘ್ರನ ಮನಸ್ಸು

ಈ ತಿಂಗಳ ಲೇಖನದ ವಿಷಯವನ್ನು ಕಂಡೊಡನೆಯೇ ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕುವಿರೆಂಬುದನ್ನು ನಾವು ಬಲ್ಲೆವು. ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ಓದತಕ್ಕ ಪತ್ರಿಕೆಯಲ್ಲಿ ಕೊಲೆಗಡುಕರ ಪ್ರಸ್ತಾಪವೇಕೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆದರೆ ಈ ಪ್ರಸ್ತಾಪವು ನಮ್ಮ ಅಪ್ಪಣೆಯನ್ನು ಕಾದುಕೊಂಡು ಹೊಸ್ತಿಲ ಹೊರಗೆ ನಿಂತಿಲ್ಲ. ವೃತ್ತಪತ್ರಿಕೆಗಳ ಮೂಲಕ, ಚಲಚ್ಚಿತ್ರಗಳ ಮೂಲಕ, ಈಗ ಮಕ್ಕಳ ಕೈಯಲ್ಲಿಯೂ ಆಡುವ ದೂರವಾಣಿಯ ಪುಟ್ಟ ಪರದೆಯ ಮೂಲಕ ಅದು ಆಗಲೇ ನಡುಮನೆಯನ್ನು ಹೊಕ್ಕು ಕುಳಿತಿದೆ. ಅಲ್ಲಿ ರಕ್ತದ ವರ್ಣನೆ ಬಹಳ, ವಿವೇಚನೆ ಅತ್ಯಲ್ಪ. ಕೊಲೆಗಾರನನ್ನು ಅದ್ಭುತ ಬುದ್ಧಿಯ ಪುರುಷನೆಂಬಂತೆ ಚಿತ್ರಿಸುವ ಚಪಲವೂ ಅಲ್ಲಿ ಕಾಣುತ್ತದೆ. ಸತ್ತವರ ಗತಿಯನ್ನು ಕೇಳುವವರೇ ಇಲ್ಲ. ಒಳಗೆ ಬಂದ ವಿಷಯವನ್ನು ಹೊರಗಟ್ಟಲಾಗದಿದ್ದಾಗ ಅದನ್ನು ಎದುರಿಗೆ ಕೂರಿಸಿಕೊಂಡು ಸಮಾಧಾನದಿಂದ ವಿಚಾರಿಸುವುದೇ ಗೃಹಸ್ಥರಿಗೆ ತಕ್ಕ ಮಾರ್ಗವೆಂದು ನಮ್ಮ ಅಭಿಪ್ರಾಯ.

ಕೋಪದ ಭರದಲ್ಲಿಯೋ ಹೊಲಮನೆಯ ಜಗಳದಲ್ಲಿಯೋ ಒಮ್ಮೆ ಕೈಮೀರಿ ನಡೆದುಹೋದ ಕೊಲೆಯ ಮಾತನ್ನು ನಾವಿಲ್ಲಿ ಆಡುತ್ತಿಲ್ಲ. ಒಬ್ಬರನ್ನು ಕೊಂದು, ಮನೆಗೆ ಮರಳಿ, ಉಂಡು, ನಿದ್ರಿಸಿ, ಕೆಲವು ದಿನಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೊಬ್ಬರನ್ನು ಕೊಲ್ಲುವವನ ಮಾತು ಇದು. ಇಂಥವನನ್ನು ಈಗ ಸರಣಿ ಕೊಲೆಗಾರನೆಂದು ಕರೆಯುತ್ತಾರೆ. ಬರ್ಲಿನ್ ನಗರದ ಪೋಲೀಸ್ ಅಧಿಕಾರಿ ಅರ್ನ್‌ಸ್ಟ್ ಗೆನ್ನಾಟ್ ಎಂಬವನು ೧೯೩೦ರಲ್ಲಿಯೇ ಈ ಅರ್ಥದ ಪದವನ್ನು ಜರ್ಮನ್ ಭಾಷೆಯಲ್ಲಿ ಬಳಸಿದ್ದನು. ೧೯೭೦ರ ದಶಕದಿಂದೀಚೆಗೆ ಅಮೆರಿಕದಲ್ಲಿ ಅದು ಪ್ರಚಾರಕ್ಕೆ ಬಂದಿತು. ೨೦೦೫ರಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆಯು ಸ್ಯಾನ್ ಅಂಟೋನಿಯೋ ನಗರದಲ್ಲಿ ಈ ವಿಷಯವನ್ನು ಬಲ್ಲವರ ಸಭೆಯೊಂದನ್ನು ಕೂಡಿಸಿತು. ಆ ಚರ್ಚೆಯಿಂದ ಹೊರಟ ಲಕ್ಷಣವು ಬಹು ಸರಳವಾಗಿದೆ: ಒಬ್ಬನೇ ಅಪರಾಧಿಯು, ಅಥವಾ ಒಂದೇ ಕೂಟದವರು, ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರನ್ನೋ ಅದಕ್ಕಿಂತ ಹೆಚ್ಚು ಮಂದಿಯನ್ನೋ ಕೊಲ್ಲುವುದು. ಇದರಲ್ಲಿ 'ಬೇರೆ ಬೇರೆ ಸಂದರ್ಭ' ಎಂಬ ಮಾತೇ ಮುಖ್ಯ. ಒಂದು ಕೊಲೆಗೂ ಇನ್ನೊಂದಕ್ಕೂ ನಡುವೆ ಬಿಡುವಿದೆ. ಆ ಬಿಡುವಿನಲ್ಲಿ ಮನುಷ್ಯನಾದವನಿಗೆ ಪಶ್ಚಾತ್ತಾಪವು ಹುಟ್ಟಬೇಕಾಗಿತ್ತು. ಅದು ಹುಟ್ಟದೆ ಹೋದುದೇಕೆ ಎಂಬುದೇ ಪಂಡಿತರನ್ನು ಕಾಡುತ್ತಿರುವ ಪ್ರಶ್ನೆ.

ಎಲ್ಲರ ಬಾಯಿಗೂ ಮೊದಲು ಬರುವ ಉತ್ತರವೆಂದರೆ 'ಅವನಿಗೆ ಹುಚ್ಚು' ಎಂಬುದು. ಕೆಲವು ಸಂದರ್ಭಗಳಲ್ಲಿ ಇದು ನಿಜವೂ ಹೌದು. ಮುಂಬಯಿಯ ಉಪನಗರಗಳಲ್ಲಿ ಬೀದಿಬದಿಯಲ್ಲಿಯೂ ಗುಡಿಸಲುಗಳಲ್ಲಿಯೂ ಮಲಗಿದ್ದ ಬಡಜನರನ್ನು ರಾತ್ರಿಯ ಹೊತ್ತು ತಲೆಗೆ ಬಡಿದು ಕೊಲ್ಲುತ್ತಿದ್ದ ರಾಮನ್ ರಾಘವನು ೧೯೬೮ರಲ್ಲಿ ಸೆರೆಸಿಕ್ಕಿದನು. ಜಗತ್ತೆಲ್ಲ ತನ್ನ ಮೇಲೆ ಸಂಚು ಹೂಡಿದೆಯೆಂಬ ಭ್ರಾಂತಿಯು ಅವನನ್ನು ಬಿಡದೆ ಹಿಡಿದಿತ್ತು. ಅವನಿಗೆ ಮರಣದಂಡನೆಯಾಯಿತು, ಆದರೆ ವೈದ್ಯರು ಪರೀಕ್ಷಿಸಿ, ವಾಸಿಯಾಗದ ಸ್ಕಿಜೋಫ್ರೀನಿಯಾ ಎಂಬ ಚಿತ್ತರೋಗವು ಅವನಿಗಿದೆಯೆಂದು ಹೇಳಿದ್ದರಿಂದ, ೧೯೮೭ರಲ್ಲಿ ಆ ದಂಡನೆಯು ಆಜೀವ ಸೆರೆವಾಸವಾಗಿ ಬದಲಾಯಿತು. ೧೯೯೫ರಲ್ಲಿ ಅವನು ಕಾಯಿಲೆಯಿಂದ ಸತ್ತನು. ಈ ಒಂದು ದೃಷ್ಟಾಂತವನ್ನು ಹಿಡಿದು ಚಿತ್ತರೋಗಿಗಳನ್ನೆಲ್ಲ ಶಂಕಿಸುವುದು ಮಹಾ ಅನ್ಯಾಯವಾದೀತು. ಅಂಥ ರೋಗಿಗಳಲ್ಲಿ ಬಹುಮಂದಿ ಯಾರಿಗೂ ಕೇಡನ್ನೆಣಿಸದವರು. ಪರರಿಂದ ತಾವೇ ಪೀಡೆಗೊಳಗಾಗುವವರು. ಇನ್ನೊಂದು ಕಡೆ, ಸರಣಿ ಕೊಲೆಗಾರರಲ್ಲಿ ಬಹುಮಂದಿಗೆ ನ್ಯಾಯಾಲಯವು ಒಪ್ಪುವಂಥ ಹುಚ್ಚು ಇರುವುದೇ ಇಲ್ಲ. ಅವರು ಸಮಯವನ್ನು ಕಾಯುತ್ತಾರೆ, ಸುಳ್ಳು ಹೆಸರನ್ನಿಡುತ್ತಾರೆ, ಸಾಕ್ಷ್ಯವನ್ನು ಅಳಿಸುತ್ತಾರೆ. ತಾನು ಮಾಡುವುದು ಪಾಪವೆಂದು ತಿಳಿದವನೇ ಅದನ್ನು ಮುಚ್ಚಿಡಲು ಇಷ್ಟು ಶ್ರಮಪಡುವನಲ್ಲವೇ?

ಹಾಗಾದರೆ ಬುದ್ಧಿ ಸರಿಯಾಗಿದ್ದೂ ಹೃದಯವು ಹೀಗಿರುವುದು ಹೇಗೆ? ೧೯೪೧ರಲ್ಲಿ ಹರ್ವಿ ಕ್ಲೆಕ್ಲಿ ಎಂಬ ಅಮೆರಿಕದ ಮನೋವೈದ್ಯನು ಈ ಬಗೆಯವರನ್ನು ಕುರಿತು ಒಂದು ಗ್ರಂಥವನ್ನು ಬರೆದನು. 'ಸ್ವಸ್ಥಚಿತ್ತದ ಮುಖವಾಡ' ಎಂದು ಅದರ ಹೆಸರಿನ ಅರ್ಥ. ಇವರು ಮಾತಿನಲ್ಲಿ ಮಧುರರು, ಭ್ರಾಂತಿಯಿಲ್ಲದವರು, ನಾಲ್ಕು ಜನರ ನಡುವೆ ಮೆಚ್ಚುಗೆ ಪಡೆಯುವವರು. ಆದರೆ ನಾಚಿಕೆ, ಪಶ್ಚಾತ್ತಾಪ, ಆಳವಾದ ಪ್ರೀತಿ ಇವುಗಳ ಸುಳಿವೇ ಅವರಲ್ಲಿಲ್ಲ. ಮುಂದೆ ಕೆನಡಾ ದೇಶದ ರಾಬರ್ಟ್ ಹೇರ್ ಎಂಬ ವಿದ್ವಾಂಸನು ಇಂಥವರನ್ನು ಗುರುತಿಸಲು ೨೦ ಲಕ್ಷಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ಮಂತ್ರದ ಅರ್ಥವನ್ನರಿಯದೆ ಸ್ವರ ತಪ್ಪದಂತೆ ಒಪ್ಪಿಸುವ ವಟುವಿನಂತೆ ಇವರು ಕರುಣೆಯ ಮಾತುಗಳನ್ನು ಕ್ರಮವಾಗಿ ಒಪ್ಪಿಸಬಲ್ಲರು. ಕರುಣೆಯು ಮಾತ್ರ ಒಳಗಿರುವುದಿಲ್ಲ. ನಮ್ಮ ಹಿರಿಯರು ಯಾವ ಪಟ್ಟಿಯೂ ಇಲ್ಲದೆ ಇವರಿಗೆ ಗೋಮುಖವ್ಯಾಘ್ರರೆಂದು ಹೆಸರಿಟ್ಟಿದ್ದರು. ಆದರೂ ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಸ್ವಭಾವದವರೆಲ್ಲರೂ ಕೊಲೆ ಮಾಡುವುದಿಲ್ಲ. ಬಹುಮಂದಿ ಸುಳ್ಳು, ವಂಚನೆಗಳಲ್ಲಿಯೇ ಕಾಲ ಕಳೆಯುತ್ತಾರೆ. ಕೊಲೆಗಾರರೆಲ್ಲರೂ ಈ ಸ್ವಭಾವದವರೆಂದೂ ಹೇಳುವಂತಿಲ್ಲ.

ಉದ್ದೇಶದ ವಿಷಯಕ್ಕೆ ಬಂದರೂ ಒಂದೇ ಉತ್ತರವು ದೊರೆಯದು. ಮೇಲೆ ಹೇಳಿದ ಸಭೆಯ ವರದಿಯು ೨೦೦೮ರಲ್ಲಿ ಹೊರಬಂದಾಗ ಅದರಲ್ಲಿ ಹಲವು ಪ್ರೇರಣೆಗಳನ್ನು ಎಣಿಸಿದ್ದರು: ಕ್ರೋಧ, ಧನದಾಸೆ, ಕಾಮವಿಕಾರ, ಪರರ ಪ್ರಾಣವು ತನ್ನ ಮುಷ್ಟಿಯಲ್ಲಿದೆಯೆಂಬ ಅಧಿಕಾರದ ಮದ, ಯಾವುದೋ ಸಿದ್ಧಾಂತದ ಹುಚ್ಚು ಅಭಿಮಾನ, ಚಿತ್ತಭ್ರಮೆ. ಒಬ್ಬನಲ್ಲಿಯೇ ಎರಡು ಮೂರು ಪ್ರೇರಣೆಗಳು ಹೆಣೆದುಕೊಂಡಿರುವುದೂ ಉಂಟು. ಈ ಕೊಲೆಗಾರರೆಲ್ಲರೂ ಒಂಟಿಪಿಶಾಚಿಗಳು, ಎಲ್ಲರೂ ಮಹಾಮೇಧಾವಿಗಳು ಎಂಬ ಜನಾಭಿಪ್ರಾಯಗಳು ಸುಳ್ಳೆಂದೂ ಆ ವರದಿಯು ಹೇಳುತ್ತದೆ. ಅವರಲ್ಲಿ ಸಂಸಾರಿಗಳುಂಟು, ಉದ್ಯೋಗಸ್ಥರುಂಟು, ನೆರೆಹೊರೆಯವರಿಗೆ ಬೇಕಾದವರುಂಟು.

ಧನದಾಸೆಯೊಂದನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಬಳಿಯ ಕಗ್ಗಲೀಪುರದ ಕೆಂಪಮ್ಮನೆಂಬವಳು ಚೀಟಿಯ ವ್ಯವಹಾರದಲ್ಲಿ ಮುಳುಗಿ, ಮನೆಯಿಂದ ಹೊರಬಿದ್ದು, ೧೯೯೯ರಲ್ಲಿ ಮೊದಲನೆಯ ಕೊಲೆಯನ್ನೂ ೨೦೦೭ರ ಕೊನೆಯ ಕೆಲವೇ ತಿಂಗಳುಗಳಲ್ಲಿ ಇನ್ನು ಐದು ಕೊಲೆಗಳನ್ನೂ ಮಾಡಿದಳು. ಅವಳು ಹೊಂಚುಹಾಕಿದ ಸ್ಥಳವೆಂದರೆ ದೇವಸ್ಥಾನ. ಸಂತಾನಕ್ಕಾಗಿಯೋ, ರೋಗದ ನಿವಾರಣೆಗಾಗಿಯೋ, ಸಂಸಾರದ ತಾಪತ್ರಯಕ್ಕಾಗಿಯೋ ದೇವರ ಮುಂದೆ ಕಣ್ಣೀರಿಡುತ್ತಿದ್ದ ಹೆಂಗಸರ ಬಳಿಗೆ ಹೋಗಿ, ವಿಶೇಷ ಪೂಜೆಯಿಂದ ಕಷ್ಟವು ತೀರುವುದೆಂದು ನಂಬಿಸಿ, ಒಡವೆಗಳನ್ನೆಲ್ಲ ಧರಿಸಿ ಬರಹೇಳಿ, ತೀರ್ಥವೆಂದು ಸಯನೈಡ್ ವಿಷವನ್ನು ಕುಡಿಸುತ್ತಿದ್ದಳು. ೨೦೧೦ರಲ್ಲಿ ಅವಳಿಗೆ ಮರಣದಂಡನೆಯಾಗಿ, ೨೦೧೨ರಲ್ಲಿ ಅದು ಆಜೀವ ಸೆರೆವಾಸಕ್ಕೆ ಇಳಿಯಿತು. ಸಾಲದಲ್ಲಿ ಮುಳುಗಿದವರು ಲೋಕದಲ್ಲಿ ಲಕ್ಷಾಂತರ ಮಂದಿಯಿದ್ದಾರೆ, ಅವರು ಕೊಲೆಗಾರರಾಗುವುದಿಲ್ಲ. ಆದುದರಿಂದ ಹಣದ ಅಗತ್ಯವೊಂದೇ ಕಾರಣವೆನ್ನುವುದು ಸಲ್ಲದು. ಎದುರಿಗಿರುವವಳ ಕಣ್ಣೀರನ್ನು ಕಂಡು ಮರುಗುವ ಬದಲು, ಇದು ತನಗೆ ಒದಗಿದ ಅನುಕೂಲವೆಂದು ಎಣಿಸುವ ಮನಸ್ಸು ಅದರೊಡನೆ ಕೂಡಬೇಕು.

ಆ ಮನಸ್ಸು ಎಲ್ಲಿಂದ ಬರುತ್ತದೆಂದು ಹುಡುಕಿದವರು ಸಹಜವಾಗಿಯೇ ಬಾಲ್ಯದ ಕಡೆಗೆ ತಿರುಗಿದರು. ೧೯೬೩ರಲ್ಲಿ ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯನು, ಕೊಲ್ಲುವೆವೆಂದು ಬೆದರಿಕೆ ಹಾಕಿದ್ದ ೧೦೦ ಮಂದಿ ರೋಗಿಗಳನ್ನು ಪರೀಕ್ಷಿಸಿ, ಹಾಸಿಗೆಯಲ್ಲಿ ಮೂತ್ರ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು ಎಂಬ ಬಾಲ್ಯದ ಮೂರು ಲಕ್ಷಣಗಳನ್ನು ಸೂಚಿಸಿದನು. ಈ ಮಾತು ಬಹಳ ಹಬ್ಬಿತು, ಈಗಲೂ ಹಬ್ಬುತ್ತಿದೆ. ಆದರೆ ಮುಂದಿನ ಸಂಶೋಧನೆಗಳು ಇದನ್ನು ಭವಿಷ್ಯ ಹೇಳುವ ಲಕ್ಷಣವೆಂದು ಸಮರ್ಥಿಸಲಿಲ್ಲ. ಹಾಸಿಗೆ ಒದ್ದೆ ಮಾಡುವ ಮಗುವನ್ನು ಕಂಡು ತಾಯಂದಿರು ಹೆದರಬೇಕಾದ ಕಾರಣವು ಎಳ್ಳಷ್ಟೂ ಇಲ್ಲ. ಬೆಕ್ಕು ನಾಯಿಗಳನ್ನು ಪದೇ ಪದೇ ಹಿಂಸಿಸಿ ಸಂತೋಷಪಡುವ ಮಗುವನ್ನು ಮಾತ್ರ ಅಲಕ್ಷ್ಯ ಮಾಡಬಾರದು. ಏಕೆಂದರೆ ಅನೇಕ ವೇಳೆ ಅಂಥ ಮಗುವೇ ಯಾರಿಂದಲೋ ಹಿಂಸೆಯನ್ನು ಅನುಭವಿಸುತ್ತಿರುತ್ತದೆ. ಅದಕ್ಕೆ ಬೇಕಾದುದು ಬೆತ್ತವಲ್ಲ, ವೈದ್ಯನ ಸಲಹೆ ಮತ್ತು ಹಿರಿಯರ ವಾತ್ಸಲ್ಯ. ಸರಣಿ ಕೊಲೆಗಾರರಲ್ಲಿ ಅನೇಕರು ಬಾಲ್ಯದಲ್ಲಿ ಕ್ರೌರ್ಯವನ್ನುಂಡವರೆಂಬುದು ನಿಜ. ಅದೇ ಕ್ರೌರ್ಯವನ್ನುಂಡು ದಯಾವಂತರಾಗಿ ಬೆಳೆದವರು ಅವರಿಗಿಂತ ಎಷ್ಟೋ ಪಾಲು ಹೆಚ್ಚೆಂಬುದೂ ಅಷ್ಟೇ ನಿಜ.

ಕೊನೆಗೆ ಮಿದುಳನ್ನೇ ನೋಡಿದವರೂ ಇದ್ದಾರೆ. ೧೯೯೭ರಲ್ಲಿ ಆಡ್ರಿಯನ್ ರೇನ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ೪೧ ಮಂದಿ ಕೊಲೆಯ ಆಪಾದಿತರ ಮಿದುಳಿನ ಚಿತ್ರಗಳನ್ನು ಇತರ ೪೧ ಮಂದಿಯ ಚಿತ್ರಗಳೊಡನೆ ಹೋಲಿಸಿ, ಆವೇಗವನ್ನು ಹಿಡಿದು ನಿಲ್ಲಿಸುವ ಮುಂಭಾಗದಲ್ಲಿ ಮೊದಲಿನವರ ಚಟುವಟಿಕೆ ಕಡಮೆಯೆಂದು ಕಂಡರು. ಇದಾದ ಕೆಲವು ವರ್ಷಗಳ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿನೋದವು ನಡೆಯಿತು. ಜೇಮ್ಸ್ ಫ್ಯಾಲನ್ ಎಂಬ ಮಿದುಳಿನ ಪಂಡಿತನು ಕೊಲೆಗಾರರ ಚಿತ್ರಗಳನ್ನು ಪರಿಶೀಲಿಸುತ್ತಿದ್ದಾಗಲೇ, ಮರೆವಿನ ರೋಗದ ಅಧ್ಯಯನಕ್ಕಾಗಿ ತೆಗೆದಿದ್ದ ತನ್ನ ಮನೆಯವರ ಚಿತ್ರಗಳೂ ಅವನ ಮೇಜಿನ ಮೇಲಿದ್ದವು. ಅವುಗಳಲ್ಲಿ ಒಂದು ಥೇಟು ಕೊಲೆಗಾರರ ಮಿದುಳಿನಂತಿತ್ತು. ಗುರುತಿನ ಸಂಖ್ಯೆಯನ್ನು ತೆಗೆದು ನೋಡಲಾಗಿ ಅದು ಅವನದೇ ಮಿದುಳು! ಅವನು ಹೆಂಡತಿ ಮಕ್ಕಳೊಡನೆ ಬಾಳಿದವನು, ಯಾರನ್ನೂ ಕೊಂದವನಲ್ಲ. ಮಿದುಳಿನ ಚಿತ್ರವು ಮನುಷ್ಯನ ಜಾತಕವಾಗಲಾರದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೇ?

ಇಷ್ಟರಿಂದ ನಮಗೆ ಹೊಳೆಯುವುದೇನು? ಹೊರಗಿನಿಂದ ನೋಡಿ ಇವನು ಇಂಥವನೆಂದು ಹೇಳುವ ವಿದ್ಯೆಯು ಈವರೆಗೆ ಯಾರಿಗೂ ಕೈಗೂಡಿಲ್ಲ. ಆದುದರಿಂದ 'ಅವನನ್ನು ಗುರುತಿಸುವುದು ಹೇಗೆ' ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿರಿಸಿ, 'ಅವನು ಇಷ್ಟು ಕಾಲ ಸಿಕ್ಕದೆ ಹೋದುದು ಹೇಗೆ' ಎಂಬ ಪ್ರಶ್ನೆಯನ್ನು ಕೇಳಿ ನೋಡೋಣ. ಇದಕ್ಕೆ ನ್ಯಾಯಾಲಯಗಳಲ್ಲಿ ರುಜುವಾತಾದ ಎರಡು ವೃತ್ತಾಂತಗಳನ್ನು ವಾಚಕರ ಮುಂದಿಡುತ್ತೇವೆ. ಒಂದು ದೂರದ ಇಂಗ್ಲೆಂಡಿನದು, ಇನ್ನೊಂದು ನಮ್ಮದೇ ನಾಡಿನದು.

ಮ್ಯಾಂಚೆಸ್ಟರ್ ನಗರದ ಬಳಿ ಹೈಡ್ ಎಂಬ ಪಟ್ಟಣವುಂಟು. ೧೯೭೭ರಿಂದ ಅಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಹೆರಾಲ್ಡ್ ಶಿಪ್‌ಮನ್ನನು ಬಹು ಜನಪ್ರಿಯನು. ಕರೆದರೆ ಮನೆಗೇ ಬರುವವನು, ಮುದುಕಿಯರ ಮಾತನ್ನು ತಾಳ್ಮೆಯಿಂದ ಕೇಳುವವನು ಎಂದು ಅವನಿಗೆ ಹೆಸರು. ಸುಮಾರು ೩೦೦೦ ಮಂದಿ ಅವನ ರೋಗಿಗಳಾಗಿದ್ದರು. ಈ ವೈದ್ಯನು ಒಂಟಿಯಾಗಿ ಬಾಳುತ್ತಿದ್ದ ವೃದ್ಧೆಯರ ಮನೆಗೆ ಅಪರಾಹ್ನದ ಹೊತ್ತಿನಲ್ಲಿ ಹೋಗಿ, ತೀವ್ರ ನೋವಿಗೆ ಕೊಡತಕ್ಕ ಅಫೀಮಿನ ಜಾತಿಯ ಮದ್ದನ್ನು ಮಿತಿಮೀರಿ ಚುಚ್ಚಿ ಕೊಲ್ಲುತ್ತಿದ್ದನು. ಆಮೇಲೆ ನೋಡಿದವರಿಗೆ, ಉಡುಪು ಕೆಡದೆ ತಮ್ಮ ಕುರ್ಚಿಯಲ್ಲಿಯೇ ಒರಗಿ ನಿದ್ರಿಸುವಂತೆ ಅವರು ಕಾಣುತ್ತಿದ್ದರು. ಮರಣಪತ್ರವನ್ನು ಬರೆಯುವವನೂ ಅವನೇ. ದಹನಕ್ಕೆ ಎರಡನೆಯ ವೈದ್ಯನ ರುಜುವು ಬೇಕೆಂಬ ನಿಯಮವಿದ್ದರೂ, ಗೌರವಸ್ಥನಾದ ಸಹೋದ್ಯೋಗಿಯ ಮಾತನ್ನು ನಂಬಿ ಆ ರುಜುವು ಬೀಳುತ್ತಿತ್ತು. ನಮ್ಮಲ್ಲಿ 'ವೈದ್ಯೋ ನಾರಾಯಣೋ ಹರಿಃ' ಎನ್ನುವುದಿಲ್ಲವೇ? ಅಲ್ಲಿಯೂ ಅದೇ ಭಾವವು ಬೇರೆ ಭಾಷೆಯಲ್ಲಿ ನೆಲೆಸಿತ್ತು.

೧೯೯೮ರ ಮಾರ್ಚಿಯಲ್ಲಿ ಸಮೀಪದ ಒಬ್ಬ ವೈದ್ಯೆಯು ಇವನ ರೋಗಿಗಳು ಸಾಯುವ ಸಂಖ್ಯೆಯು ಅತಿಯಾಯಿತೆಂದು ಅಧಿಕಾರಿಗಳಿಗೆ ತಿಳಿಸಿದಳು. ಪೋಲೀಸಿನವರು ಕೆಲವು ವಾರ ವಿಚಾರಿಸಿ ಕೈಬಿಟ್ಟರು. ಮಾದಕ ಮದ್ದಿಗಾಗಿ ಸುಳ್ಳು ಚೀಟಿಗಳನ್ನು ಬರೆದುದಕ್ಕೆ ಅವನಿಗೆ ೧೯೭೬ರಲ್ಲಿಯೇ ದಂಡವಾಗಿತ್ತೆಂಬುದನ್ನೂ ಅವರು ತೆಗೆದು ನೋಡಲಿಲ್ಲ. ಅದಾದ ಮೇಲೆ ಇನ್ನು ಮೂವರು ಸತ್ತರು. ಕೊನೆಗೆ ಅವನನ್ನು ಹಿಡಿದುಕೊಟ್ಟವಳು ಒಬ್ಬ ಮಗಳು. ಅದೇ ವರ್ಷದ ಜೂನಿನಲ್ಲಿ ೮೧ ವರ್ಷದ ತಾಯಿ ತೀರಿಕೊಂಡಾಗ, ಸುಮಾರು ೩,೮೬,೦೦೦ ಪೌಂಡಿನ ಆಸ್ತಿಯೆಲ್ಲವೂ ವೈದ್ಯನಿಗೆ ಸೇರತಕ್ಕದ್ದೆಂಬ ಉಯಿಲು ಹೊರಬಂದಿತು. ಮಗಳು ವಕೀಲೆ, ತಾಯಿ ಇಂಥ ಉಯಿಲನ್ನು ಬರೆಯುವವಳಲ್ಲವೆಂದು ಅರಿತವಳು. ಅವಳು ಕೇಳಿದಳು. ಹೂತ ದೇಹವನ್ನು ಹೊರತೆಗೆದು ಪರೀಕ್ಷಿಸಲಾಗಿ ಮದ್ದು ಸಿಕ್ಕಿತು. ಉಯಿಲನ್ನು ಅಚ್ಚೊತ್ತಿದ ಬೆರಳಚ್ಚು ಯಂತ್ರವು ವೈದ್ಯನಲ್ಲಿಯೇ ದೊರೆಯಿತು. ೨೦೦೦ದ ಜನವರಿಯಲ್ಲಿ ೧೫ ಕೊಲೆಗಳಿಗಾಗಿ ಅವನಿಗೆ ಆಜೀವ ಸೆರೆವಾಸವಾಯಿತು. ಜಾನೆಟ್ ಸ್ಮಿತ್ ಎಂಬ ನ್ಯಾಯಾಧೀಶೆಯು ನಡೆಸಿದ ವಿಚಾರಣೆಯು ೧೯೭೫ರಿಂದ ಅವನು ಕೊಂದವರ ಸಂಖ್ಯೆ ೨೧೫ ಎಂದು ೨೦೦೨ರಲ್ಲಿ ನಿರ್ಣಯಿಸಿತು. ಅವರಲ್ಲಿ ೧೭೧ ಮಂದಿ ಸ್ತ್ರೀಯರು.

ಏಕೆ ಕೊಂದನು? ಅವನಿಗೆ ೧೭ ವರ್ಷವಾಗಿದ್ದಾಗ ತಾಯಿಯು ಕ್ಯಾನ್ಸರಿನಿಂದ ನರಳಿ ತೀರಿಕೊಂಡಳು; ವೈದ್ಯನು ಮನೆಗೆ ಬಂದು ಮಾರ್ಫಿಯಾ ಚುಚ್ಚಿದೊಡನೆ ಅವಳ ನೋವು ಶಮನವಾಗುವುದನ್ನು ಅವನು ಕಂಡಿದ್ದನು. ಆ ದೃಶ್ಯವನ್ನೇ ಅವನು ಮತ್ತೆ ಮತ್ತೆ ನಟಿಸಿದನೆಂದು ಕೆಲವರು ಊಹಿಸಿದರು. ಪ್ರಾಣದ ಮೇಲಿನ ಒಡೆತನದ ರುಚಿ ಹತ್ತಿತೆಂದು ಮತ್ತೆ ಕೆಲವರು. ಕೊನೆಯದೊಂದನ್ನು ಬಿಟ್ಟರೆ ಹಣದಾಸೆಯು ಮುಖ್ಯವಾಗಿ ಕಾಣುವುದಿಲ್ಲ. ಅವನು ಮಾತ್ರ ತಪ್ಪನ್ನು ಒಪ್ಪಿಕೊಳ್ಳಲೇ ಇಲ್ಲ. ೨೦೦೪ರ ಜನವರಿಯಲ್ಲಿ ಸೆರೆಮನೆಯಲ್ಲಿ ನೇಣು ಹಾಕಿಕೊಂಡು ಉತ್ತರವನ್ನೂ ತನ್ನೊಡನೆ ಒಯ್ದನು. ವಿಚಾರಣೆಯೂ ಅವನ ಉದ್ದೇಶವನ್ನು ನಿರ್ಧರಿಸಲಾರದೆ ಹೋಯಿತು. ಆದರೆ ಸಿಕ್ಕದೆ ಹೋದುದು ಹೇಗೆಂಬ ಪ್ರಶ್ನೆಗೆ ಮಾತ್ರ ಉತ್ತರವು ಚೆನ್ನಾಗಿ ದೊರೆಯಿತು: ವೃದ್ಧರ ಸಾವನ್ನು ಯಾರೂ ಪ್ರಶ್ನಿಸುವುದಿಲ್ಲ, ಗೌರವಸ್ಥರ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ.

ಎರಡನೆಯ ವೃತ್ತಾಂತವು ನಮ್ಮ ದಕ್ಷಿಣ ಕನ್ನಡದ್ದು. ಮೋಹನ ಕುಮಾರನೆಂಬವನು ಒಂದು ಕಾಲಕ್ಕೆ ಪ್ರಾಥಮಿಕ ಶಾಲೆಯ ಉಪಾಧ್ಯಾಯನು. ೨೦೦೯ರ ಅಕ್ಟೋಬರಿನಲ್ಲಿ ಸೆರೆಸಿಕ್ಕುವ ವೇಳೆಗೆ ಅವನು ೨೦ ಮಂದಿ ತರುಣಿಯರನ್ನು ಕೊಂದಿದ್ದನು. ಇವರೆಲ್ಲರೂ ಬಡಮನೆಯ ಹೆಣ್ಣುಮಕ್ಕಳು. ವರದಕ್ಷಿಣೆಗೆ ಗತಿಯಿಲ್ಲದೆ ಮದುವೆಯ ವಯಸ್ಸು ಮೀರುತ್ತಿದೆಯೆಂದು ನೆರೆಯವರ ಮಾತಿಗೆ ಗುರಿಯಾದವರು. ಅವನು ಪ್ರತಿಯೊಬ್ಬಳ ಬಳಿಯಲ್ಲಿಯೂ ಅವಳ ಜಾತಿಗೊಪ್ಪುವ ಹೆಸರನ್ನು ಹೇಳಿಕೊಂಡು, ತನಗೆ ಸರಕಾರಿ ಉದ್ಯೋಗವಿದೆಯೆಂದೂ ಕಾಸೊಂದನ್ನೂ ಕೇಳದೆ ಕೈಹಿಡಿಯುವೆನೆಂದೂ ನಂಬಿಸುತ್ತಿದ್ದನು. ಅವಳು ಮನೆಯಲ್ಲಿದ್ದ ಒಡವೆಗಳನ್ನು ತೊಟ್ಟು ಅವನೊಡನೆ ಮಡಿಕೇರಿಗೋ ಮೈಸೂರಿಗೋ ಬೆಂಗಳೂರಿಗೋ ಹೊರಡುವಳು. ಬಸ್ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ಒಂದು ರಾತ್ರಿ ಕಳೆದ ಮೇಲೆ, ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ, ನಿಲ್ದಾಣಕ್ಕೆ ಕರೆತಂದು, ಗರ್ಭವಾಗದಂತೆ ತಡೆಯುವ ಗುಳಿಗೆಯೆಂದು ಸಯನೈಡನ್ನು ಕೊಟ್ಟು, ಶೌಚಗೃಹಕ್ಕೆ ಹೋಗಿ ನುಂಗುವಂತೆ ಹೇಳುವನು. ಅವಳು ಹೊರಗೆ ಬರುತ್ತಿರಲಿಲ್ಲ. ಅವನು ಹಿಂದಿರುಗಿ ಒಡವೆಗಳನ್ನು ತೆಗೆದುಕೊಂಡು ಊರು ಬಿಡುತ್ತಿದ್ದನು.

ಗಮನಿಸಿರಿ. ಚಿನ್ನವೇ ಅವನ ಗುರಿಯಾಗಿದ್ದರೆ ಮೈತುಂಬ ಚಿನ್ನವಿರುವವರನ್ನು ಅರಸಬೇಕಾಗಿತ್ತು. ಅವನು ಅರಸಿದುದು ಚಿನ್ನ ಕಡಮೆಯಿರುವವರನ್ನು; ಆದರೆ ಹೋದರೆ ಹುಡುಕಿಕೊಂಡು ಬರುವವರೂ ಕಡಮೆಯಿರುವವರನ್ನು. ಅಪರಿಚಿತ ಊರಿನ ಶೌಚಗೃಹದಲ್ಲಿ ಗುರುತಿಲ್ಲದ ಹೆಣವೊಂದು ಸಿಕ್ಕಿದರೆ, ಆ ಠಾಣೆಯವರು ಅಸಹಜ ಮರಣವೆಂದೋ ಆತ್ಮಹತ್ಯೆಯೆಂದೋ ಬರೆದುಕೊಂಡು ಮುಗಿಸುತ್ತಿದ್ದರು. ಇತ್ತ ಮನೆಯಲ್ಲಿ, ಮಗಳು ಯಾರೊಡನೆಯೋ ಹೋಗಿ ಮದುವೆಯಾದಳೆಂದು ತಿಳಿದು, ಆ ಮಾತನ್ನು ಹೊರಗೆ ಆಡಿದರೆ ಮಾನ ಹೋಗುವುದೆಂದು ಬಾಗಿಲು ಮುಚ್ಚಿಕೊಂಡು ಸುಮ್ಮನಿದ್ದ ಸಂಸಾರಗಳು ಹಲವು. ಎಲ್ಲಿಯಾದರೂ ಸುಖವಾಗಿರಲಿ ಎಂದು ತಾಯಿಯು ದೇವರಿಗೆ ದೀಪ ಹಚ್ಚುತ್ತಿದ್ದಾಗ ಮಗಳು ಹೆಸರಿಲ್ಲದ ಹೆಣವಾಗಿ ಮಣ್ಣುಗೂಡಿದ್ದಳು. ಇದಕ್ಕಿಂತ ಹೃದಯವಿದ್ರಾವಕವಾದ ಸಂಗತಿಯನ್ನು ನಾವು ಕೇಳಿಲ್ಲ.

ಇಲ್ಲಿಯೂ ಸರಪಣಿಯು ಕಳಚಿದ್ದು ಕೇಳಿದವರಿಂದಲೇ. ೨೦೦೯ರ ಜೂನಿನಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ತರುಣಿಯು ಕಾಣೆಯಾದಾಗ ಅವಳ ಕಡೆಯವರು ಸುಮ್ಮನಿರಲಿಲ್ಲ. ಪೋಲೀಸಿನವರನ್ನು ಬಿಡದೆ ಒತ್ತಾಯಿಸಿದರು. ಅನ್ಯಮತದವನೊಡನೆ ಹೋದಳೆಂಬ ವದಂತಿಯೂ ಆಗ ಎದ್ದಿತ್ತು. ಅದು ಶುದ್ಧ ಸುಳ್ಳಾಗಿತ್ತು. ಆದರೂ ಪ್ರಶ್ನೆಯೊಂದು ಹುಟ್ಟಿತಷ್ಟೆ. ದೂರವಾಣಿಯ ಕರೆಗಳ ಜಾಡನ್ನು ಹಿಡಿದ ಪೋಲೀಸಿನವರಿಗೆ ಒಬ್ಬಳಿಂದ ಇನ್ನೊಬ್ಬಳು, ಅವಳಿಂದ ಮತ್ತೊಬ್ಬಳು ಎಂಬಂತೆ ಕಾಣೆಯಾದವರ ಸಾಲೇ ತೆರೆದುಕೊಂಡಿತು. ೨೦೧೩ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯವು ಅವನಿಗೆ ಮರಣದಂಡನೆಯನ್ನು ವಿಧಿಸಿತು. ೨೦೧೭ರಲ್ಲಿ ಉಚ್ಚ ನ್ಯಾಯಾಲಯವು ಒಂದು ಮೊಕದ್ದಮೆಯಲ್ಲಿ ಅದನ್ನು ಜೀವವಿರುವವರೆಗಿನ ಸೆರೆವಾಸಕ್ಕೆ ಇ್ಳಿಸಿತು. ಇಪ್ಪತ್ತನೆಯ ಮೊಕದ್ದಮೆಯ ತೀರ್ಪು ಹೊರಬಂದುದು ೨೦೨೦ರ ಜೂನಿನಲ್ಲಿ.

ಈ ಎರಡು ವೃತ್ತಾಂತಗಳನ್ನು ಹೋಲಿಸಿ ನೋಡಿರಿ. ದೇಶ ಬೇರೆ, ವೃತ್ತಿ ಬೇರೆ, ಉದ್ದೇಶವೂ ಬೇರೆ. ಇಬ್ಬರಿಗೂ ಸಮಾನವಾದುದು ಒಂದೇ: ಯಾರು ಇಲ್ಲವಾದರೆ ಲೋಕವು ಕೇಳುವುದಿಲ್ಲವೆಂಬ ಲೆಕ್ಕವು ಇಬ್ಬರಿಗೂ ಚೆನ್ನಾಗಿ ತಿಳಿದಿತ್ತು. ಆ ಲೆಕ್ಕವನ್ನು ಅವರು ಯಾವ ಮಂತ್ರದಿಂದಲೂ ಕಲಿಯಲಿಲ್ಲ; ನಾವು ದಿನವೂ ನಡೆದುಕೊಳ್ಳುವ ರೀತಿಯಿಂದಲೇ ಕಲಿತರು. ಮುಂಬಯಿಯ ಬೀದಿಬದಿಯಲ್ಲಿ ಮಲಗಿದವರೂ ದೇವಸ್ಥಾನದ ಮೂಲೆಯಲ್ಲಿ ಒಂಟಿಯಾಗಿ ಅಳುತ್ತಿದ್ದವರೂ ಇದೇ ಲೆಕ್ಕದೊಳಗಿನವರೆಂಬುದನ್ನು ವಾಚಕರು ಮರೆಯಬಾರದು.

ಹಾಗೆಂದರೆ ಮಗಳನ್ನು ಕಳೆದುಕೊಂಡ ಮನೆಯವರನ್ನೇ ದೂಷಿಸಿದಂತಾಗಲಿಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಹಾಗಲ್ಲ. ಕೊಂದ ಪಾಪವೆಲ್ಲವೂ ಕೊಂದವನದು. ಅದರಲ್ಲಿ ಕೂದಲೆಳೆಯಷ್ಟನ್ನೂ ನಾವು ಬೇರೆಯವರಿಗೆ ಹಂಚಲಾರೆವು. ಆ ಬಡ ತಂದೆತಾಯಿಗಳು ಹೆದರಿದುದು ನಮಗೆ, ಅಂದರೆ ನೆರೆಹೊರೆಗೆ. 'ಓಡಿಹೋದವಳು' ಎಂಬ ಒಂದು ಮಾತನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ಕಾದಿರುವ ಊರು, 'ಇನ್ನೂ ಮದುವೆಯಾಗಲಿಲ್ಲವೇ' ಎಂದು ಹಬ್ಬಹರಿದಿನಗಳಲ್ಲಿ ಕೇಳುವ ನೆಂಟರು, ೧೯೬೧ರಲ್ಲಿಯೇ ಕಾನೂನು ನಿಷೇಧಿಸಿದ ವರದಕ್ಷಿಣೆಯನ್ನು ಬೇರೆ ಬೇರೆ ಹೆಸರಿನಲ್ಲಿ ಪಡೆಯುವ ಬೀಗರು, ಇವರೆಲ್ಲರೂ ಸೇರಿ ಆ ಮನೆಗಳ ಬಾಯನ್ನು ಕಟ್ಟಿದ್ದರು. ನಾವು ಆ ಊರಿನವರಲ್ಲವೆಂದು ಹೇಳುವ ಧೈರ್ಯವು ನಮ್ಮಲ್ಲಿ ಎಷ್ಟು ಮಂದಿಗಿದೆ?

ಇನ್ನು ಗೃಹಸ್ಥರು ಮಾಡತಕ್ಕ ಕಾರ್ಯವೇನೆಂದರೆ, ಪ್ರತಿಯೊಬ್ಬ ವೈದ್ಯನನ್ನೂ ಉಪಾಧ್ಯಾಯನನ್ನೂ ಶಂಕಿಸುತ್ತ ಕೂರುವುದಲ್ಲ. ಇಂಥ ಕೊಲೆಗಾರರು ಬಹು ವಿರಳರು. ಭಯದಲ್ಲಿ ಬಾಳುವುದು ಬಾಳೇ ಅಲ್ಲ. ಆದರೆ ಕೆಲವು ಮಾತುಗಳನ್ನು ಮನೆಯಲ್ಲಿ ಸ್ಪಷ್ಟವಾಗಿ ಆಡಿರಬೇಕು. 'ನೀನು ಏನು ಮಾಡಿಕೊಂಡರೂ, ಎಲ್ಲಿಗೆ ಹೋದರೂ, ಈ ಮನೆಯ ಬಾಗಿಲು ನಿನಗೆ ಮುಚ್ಚುವುದಿಲ್ಲ' ಎಂಬ ಮಾತನ್ನು ಮಗಳಿಗೆ ಕಷ್ಟಕಾಲ ಬರುವ ಮುಂಚೆಯೇ ಹೇಳಿರಿ. ಬಂದ ಮೇಲೆ ಹೇಳಲು ಅವಕಾಶವು ಸಿಕ್ಕದಿರಬಹುದು. ರಹಸ್ಯವಾಗಿಡೆಂದು ಬೇಡುವ ವರನೂ, ಒಬ್ಬಳೇ ಬಾ ಎಂದು ಕರೆಯುವ ಪೂಜೆಯೂ ಸಂಶಯಕ್ಕೆ ಯೋಗ್ಯವೆಂದು ಮನೆಯ ಹೆಣ್ಣುಮಕ್ಕಳಿಗೆಲ್ಲ ತಿಳಿಸಿರಿ. ಯಾರಾದರೂ ಕಾಣೆಯಾದರೆ ೨೪ ಗಂಟೆ ಕಾಯಬೇಕೆಂಬ ನಿಯಮವು ನಮ್ಮ ಕಾನೂನಿನಲ್ಲಿಲ್ಲ. ಕೂಡಲೇ ಠಾಣೆಗೆ ಹೋಗಬಹುದು. ಅಪರಾಧವು ಯಾವ ಊರಿನಲ್ಲಿ ನಡೆದಿದ್ದರೂ ಅದರ ಮಾಹಿತಿಯನ್ನು ಯಾವ ಠಾಣೆಯಲ್ಲಿಯಾದರೂ ದಾಖಲು ಮಾಡಬಹುದೆಂದು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಸಂಹಿತೆಯು ಸ್ಪಷ್ಟಪಡಿಸಿದೆ. ಬೀದಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯನ್ನು ವಾರಕ್ಕೊಮ್ಮೆ ಮಾತನಾಡಿಸಿ ಬರುವುದಕ್ಕಂತೂ ಯಾವ ಕಾನೂನೂ ಬೇಕಾಗಿಲ್ಲ.

ಇಂಗ್ಲೆಂಡಿನವರು ತಮ್ಮ ಪಾಠವನ್ನು ಕಲಿಯಲು ಬಹುಕಾಲ ತೆಗೆದುಕೊಂಡರು. ೨೦೨೪ರ ಸೆಪ್ಟೆಂಬರ್ ೯ರಿಂದ ಅಲ್ಲಿ, ಮರಣ ವಿಚಾರಣಾಧಿಕಾರಿಯ ಮುಂದೆ ಹೋಗದ ಪ್ರತಿಯೊಂದು ಸಾವಿನ ಕಾರಣವನ್ನೂ ಅದಕ್ಕೆ ಸಂಬಂಧಪಡದ ಬೇರೊಬ್ಬ ವೈದ್ಯಪರೀಕ್ಷಕನು ಪರಿಶೀಲಿಸಬೇಕು. ಸತ್ತವರ ಮನೆಯವರಿಗೆ ಏನಾದರೂ ಕೇಳುವುದಿದೆಯೇ ಎಂದು ಅವರನ್ನೂ ವಿಚಾರಿಸಬೇಕು. ಶಿಪ್‌ಮನ್ನನು ಸೆರೆಸಿಕ್ಕಿ ೨೬ ವರ್ಷಗಳಾದ ಮೇಲೆ ಇದು ಕಡ್ಡಾಯವಾಯಿತು. ಅವನ ಮನಸ್ಸಿನೊಳಗೆ ಏನಿತ್ತೆಂಬುದು ಅವರಿಗೆ ಇಂದಿಗೂ ತಿಳಿಯದು. ತಿಳಿಯದಿದ್ದರೂ, ಅವನಂಥವನು ಮತ್ತೆ ಹುಟ್ಟಿದರೆ ಅವನ ದಾರಿಗೆ ಅಡ್ಡವಾಗಿ ಒಂದು ಪ್ರಶ್ನೆಯನ್ನು ನಿಲ್ಲಿಸಿದರು.

ಗೋಮುಖವ್ಯಾಘ್ರನ ಮನಸ್ಸನ್ನು ಪಂಡಿತರು ಶೋಧಿಸುತ್ತಿರಲಿ. ಅದು ಅವಶ್ಯಕವಾದ ಕಾರ್ಯವೇ. ಆ ಶೋಧನೆಯು ಮುಗಿಯುವವರೆಗೆ ನಾವು ಕಾಯಬೇಕಾಗಿಲ್ಲ. ಇಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯವರೆಲ್ಲ ಮನೆ ಸೇರಿದರೇ, ಸೇರದಿದ್ದವರು ಎಲ್ಲಿದ್ದಾರೆ, ನೆರೆಮನೆಯ ಹುಡುಗಿಯು ಈಚೆಗೆ ಏಕೆ ಕಾಣುತ್ತಿಲ್ಲ ಎಂದು ಪ್ರೀತಿಯಿಂದ ಕೇಳುವುದು ನಮ್ಮ ಕೈಯಲ್ಲಿದೆ.